ಮೂವತ್ತೆಂಟು ರೂಪಾಯಿ ಹದಿಮೂರಾಣೆ ಎರಡು ಪೈ: ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

(ಬ್ರಹ್ಮಕಲಶೋತ್ಸವದ ಸಂದರ್ಭದಲ್ಲಿ ಜರಗಿದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಧಾರ್ಮಿಕ ಸಭೆಯೆಂದರೆ ದೇವರ ಮಹಿಮೆ, ಕ್ಷೇತ್ರದ ಪುರಾಣ, ಆಚಾರ್ಯರ ಚರಿತ್ರೆ ಇವುಗಳ ಬಗ್ಗೆ ಮಾತು ನಡೆಯುವುದು ವಾಡಿಕೆ. ಅವೆಲ್ಲವನ್ನೂ ನನಗಿಂತ ಮುಂಚೆ ಮಾತನಾಡಿದ ವಿದ್ವಾಂಸರು ಚೆನ್ನಾಗಿ ತಿಳಿಸಿದ್ದಾರೆ. ಸಮಿತಿಯವರು ನನಗೆ ಕೊಟ್ಟ ವಿಷಯ 'ದಾನಧರ್ಮ'. ದಾನದ ಬಗ್ಗೆ ಬರಿಯ ಉಪದೇಶ ಮಾಡುವುದಕ್ಕಿಂತ ದಾನ ಮಾಡಿದ ಒಬ್ಬರ ಬದುಕನ್ನು ತಮ್ಮ ಮುಂದಿಡುವುದು ಒಳ್ಳೆಯದೆಂದು ನನಗನ್ನಿಸಿತು. ಅವರು ನಮ್ಮ ಧರ್ಮದವರಲ್ಲ. ಆದರೆ ನಮ್ಮ ಊರಿನವರು. ಉಡುಪಿಯ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್ ಎಂಬುದು ಅವರ ಪೂರ್ತಿ ಹೆಸರು. ಊರಲ್ಲಿ ಎಲ್ಲರಿಗೂ ಹಾಜಿ ಅಬ್ದುಲ್ಲಾ ಸಾಹೇಬರು.

ಉಡುಪಿಯವರು ನಮ್ಮ ಊರಿನವರು ಹೇಗಾದಾರು ಎಂದು ಇಲ್ಲಿರುವ ಕಿರಿಯರು ಕೇಳಿಯಾರು. ಹಿರಿಯರಿಗೆ ಗೊತ್ತಿದೆ. 1956ರ ನವೆಂಬರ್ 1ರ ವರೆಗೆ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ. ಉತ್ತರದಲ್ಲಿ ಕುಂದಾಪುರ, ನಡುವೆ ಉಡುಪಿ, ಮಂಗಳೂರು, ತೆಂಕಣದಲ್ಲಿ ನಾವು. ಆಗ ಇದು ಮದರಾಸು ಪ್ರಾಂತದ ಜಿಲ್ಲೆ. ಕಲೆಕ್ಟರರ ಕಚೇರಿ ಮಂಗಳೂರಿನಲ್ಲಿ, ಸರಕಾರ ಮದರಾಸಿನಲ್ಲಿ. ಹಾಜಿಯವರು ಹುಟ್ಟಿದ್ದು 1882ರಲ್ಲಿ. ನಮ್ಮ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಹುಟ್ಟಿದ್ದು 1883ರಲ್ಲಿ. ಒಂದೇ ಜಿಲ್ಲೆಯಲ್ಲಿ, ಒಂದೇ ಕಾಲದಲ್ಲಿ ಬೆಳೆದ ಇಬ್ಬರು. ಒಬ್ಬರು ಅಕ್ಷರದ ಸಂಪತ್ತನ್ನು ಕೂಡಿಟ್ಟು ನಾಡಿಗೆ ಕೊಟ್ಟರು, ಇನ್ನೊಬ್ಬರು ಹಣದ ಸಂಪತ್ತನ್ನು ಕೂಡಿಡುವ ದಾರಿಯನ್ನು ನಾಡಿಗೆ ತೋರಿಸಿದರು. ಆಮೇಲೆ ಗಡಿ ಎಳೆದರು, ನಾವು ಕೇರಳದವರಾದೆವು. ಗಡಿ ಎಳೆದ ಮಾತ್ರಕ್ಕೆ ಹಿಂದಿನ ಋಣ ತೀರುವುದಿಲ್ಲವಷ್ಟೆ.

ಆ ಕಾಲ ಹೇಗಿತ್ತೆಂಬುದನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಬೇಕು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಉಡುಪಿಗೆ ರೈಲು ಬರಬೇಕಾದರೆ ಕೊಂಕಣ ರೈಲ್ವೆಯ ವರೆಗೆ, ಅಂದರೆ 1990ರ ದಶಕದ ವರೆಗೆ ಕಾಯಬೇಕಾಯಿತು. ಉಡುಪಿಯಿಂದ ತೆಂಕು ಮುಖವಾಗಿ ಹೊರಟವನಿಗೆ ಉದ್ಯಾವರ ಹೊಳೆ, ಮೂಲ್ಕಿಯ ಶಾಂಭವಿ, ಪಾವಂಜೆಯ ನಂದಿನಿ, ಕೂಳೂರು ಹೊಳೆ ಇಷ್ಟನ್ನು ದಾಟಿದರೆ ಮಂಗಳೂರು. ಮತ್ತೆ ನೇತ್ರಾವತಿ, ಉಪ್ಪಳ ಹೊಳೆ, ಶಿರಿಯ ಹೊಳೆ, ಕುಂಬಳೆ, ಮೊಗ್ರಾಲ್ ಹೊಳೆಗಳು, ಕೊನೆಗೆ ಚಂದ್ರಗಿರಿ. ದೋಣಿ, ಎತ್ತಿನ ಗಾಡಿ, ಕಾಲ್ನಡಿಗೆ. ಮಳೆಗಾಲದಲ್ಲಿ ಅದೂ ಕಷ್ಟ.

ಬೇಸಾಯಗಾರನ ಸ್ಥಿತಿ ಹೇಗಿತ್ತು? ಭೂಮಿ ಕೆಲವರದು, ಗೇಯುವವರು ಬೇರೆಯವರು. ಮೂಲಗೇಣಿಯವನಿಗೆ ಅಷ್ಟಿಷ್ಟು ಭದ್ರತೆ, ಚಾಲಗೇಣಿಯವನಿಗೆ ಅದೂ ಇಲ್ಲ. ಗೇಣಿಯ ಅಕ್ಕಿಮುಡಿ ಧನಿಗಳ ಅಂಗಳಕ್ಕೆ ಹೋದ ಮೇಲೆ ಉಳಿದುದರಲ್ಲಿ ವರ್ಷ ದೂಡಬೇಕು. ಆಟಿ ತಿಂಗಳು ಬಂದಾಗ ಮನೆಯಲ್ಲಿ ಅಕ್ಕಿಯಿಲ್ಲ. ಆಗ ಸಾಲ. ಈಗ ಇಷ್ಟು ಸೇರು ತಂದರೆ ಕೊಯ್ಲಿನ ಹೊತ್ತಿಗೆ ಅದಕ್ಕಿಂತ ಹೆಚ್ಚು ಅಳೆದು ಕೊಡಬೇಕು. ಮದುವೆಗೆ ಸಾಲ, ಕಾಯಿಲೆಗೆ ಸಾಲ, ಬೊಜ್ಜಕ್ಕೆ ಸಾಲ. ಹೆಣ್ಣುಮಕ್ಕಳ ಕೊರಳ ಚಿನ್ನ ಸಾಹುಕಾರರ ಪೆಟ್ಟಿಗೆ ಸೇರಿದರೆ ಹಿಂದೆ ಬರುವುದು ಅದೃಷ್ಟವಿದ್ದವರಿಗೆ. ಇನ್ನು ನಾಲ್ಕು ಕಾಸು ಉಳಿದವನಾದರೂ ಅದನ್ನೆಲ್ಲಿಡುವುದು? ಮಣ್ಣಿನ ಕುಡಿಕೆಯಲ್ಲಿ, ಅಟ್ಟದ ಮೇಲೆ, ನೆಲದಡಿಯಲ್ಲಿ. ಮಂಗಳೂರಿನಲ್ಲಿ ಬ್ಯಾಂಕ್ ಆಫ್ ಮದ್ರಾಸಿನ ಶಾಖೆಯಿತ್ತು, ನಿಜ. ಆದರೆ ಅದು ದೊಡ್ಡ ದೊಡ್ಡ ಕಂಪೆನಿಗಳ ವ್ಯವಹಾರಕ್ಕೆ. ಅಡಕೆ ಮಾರಿದ ರೈತ, ಕೊಬ್ಬರಿ ಮಾರಿದ ಚಿಲ್ಲರೆ ವ್ಯಾಪಾರಿ, ಮಗ್ಗದ ನೇಕಾರ ಅದರ ಮೆಟ್ಟಿಲು ಹತ್ತುವ ಹಾಗಿರಲಿಲ್ಲ.

ಹೀಗಿರುವಾಗ ದೇಶದಲ್ಲೊಂದು ಗಾಳಿ ಬೀಸಿತು. 1905ರಲ್ಲಿ ಬ್ರಿಟಿಷ್ ಸರಕಾರ ಬಂಗಾಳವನ್ನು ಒಡೆಯಿತು. ಅದರ ವಿರುದ್ಧ ಎದ್ದ ಸ್ವದೇಶಿ ಚಳವಳಿ ಬಂಗಾಳದಲ್ಲೇ ನಿಲ್ಲಲಿಲ್ಲ. ಪರದೇಶದ ಬಟ್ಟೆ ಸುಟ್ಟವರ ಕಥೆ ನಮಗೆಲ್ಲ ಗೊತ್ತು. ಆದರೆ ಸುಡುವುದರ ಜೊತೆಗೆ ಕಟ್ಟುವ ಕೆಲಸವೂ ಆಗ ನಡೆಯಿತು. ನಮ್ಮದೇ ಕಾರ್ಖಾನೆ, ನಮ್ಮದೇ ಶಾಲೆ, ನಮ್ಮದೇ ಬ್ಯಾಂಕು ಎಂದು ಹಲವೆಡೆ ಜನ ಮುಂದೆ ಬಂದರು. ಆ ಗಾಳಿ ಅಷ್ಟೊಂದು ಹೊಳೆ ದಾಟಿ ನಮ್ಮ ಕರಾವಳಿಗೂ ಬಂತು. ಅದನ್ನು ಉಡುಪಿಯಲ್ಲಿ ಹಿಡಿದು ನಿಲ್ಲಿಸಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಅವರಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸು. ಈ ಮಾತನ್ನು ನಮ್ಮ ಯುವಕ ಸಂಘದವರು ಗಮನಿಸಬೇಕು. ಅನುಕೂಲಸ್ಥ ವರ್ತಕ ಮನೆತನದ ತರುಣ. ತಾನು, ತನ್ನ ಅಂಗಡಿ, ತನ್ನ ಲಾಭ ಎಂದು ಸುಖವಾಗಿರಬಹುದಿತ್ತು. ಅವರು ಹಾಗೆ ಕೂರಲಿಲ್ಲ.

1906ರ ಫೆಬ್ರವರಿ ತಿಂಗಳಲ್ಲಿ ಊರ ಜನರಿಗೆ ಒಂದು ವಿಜ್ಞಾಪನೆ ಹೊರಟಿತು. ಅದರ ಸಾರಾಂಶ ಇಷ್ಟು: ನಾವೊಂದು ಹಣಕಾಸಿನ ಸಂಸ್ಥೆ ಕಟ್ಟಲು ಹೊರಟಿದ್ದೇವೆ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದವರಿಗೂ ಉಳಿತಾಯದ ಅಭ್ಯಾಸ ಆಗಬೇಕು, ಅದರೊಂದಿಗೆ ಒಬ್ಬರಿಗೊಬ್ಬರು ಒದಗುವ ಅಭ್ಯಾಸವೂ ಆಗಬೇಕು. ಇದೇ ನಿಜವಾದ ಸ್ವದೇಶಿ, ದೇಶದ ಮೇಲೆ ಪ್ರೀತಿಯಿದ್ದವರು ಕೈಜೋಡಿಸಬೇಕು. ಭಕ್ತರೇ, ಇದರಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಎರಡನೆಯ ಅಂಶ. ಉಳಿತಾಯ ಮಾಡಿ ಎಂದು ಯಾರೂ ಹೇಳಿಯಾರು. ಕೂಡಿ ಬಾಳುವ ಅಭ್ಯಾಸಕ್ಕೋಸ್ಕರ ಬ್ಯಾಂಕು ಬೇಕೆಂದು ಹೇಳಿದ್ದು ವಿಶೇಷ.

1906ರ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್ ಎಂಬ ಸಂಸ್ಥೆ ಹುಟ್ಟಿತು. ಮೂಲ ಬಂಡವಾಳ 5,000 ರೂಪಾಯಿ. ಹಾಜಿಯವರು ಸ್ಥಾಪಕಾಧ್ಯಕ್ಷರು. ಮೊದಲ ದಿನ ಸಂಜೆ ಪೆಟ್ಟಿಗೆ ತೆರೆದು ಎಣಿಸಿದಾಗ ಇದ್ದ ಮೊತ್ತ 38 ರೂಪಾಯಿ 13 ಆಣೆ 2 ಪೈ.

ಇಂದಿನ ಮಕ್ಕಳಿಗೆ ಆಣೆ ಪೈಗಳ ಲೆಕ್ಕ ಗೊತ್ತಿರಲಾರದು. ಒಂದು ರೂಪಾಯಿಗೆ ಹದಿನಾರು ಆಣೆ, ಒಂದು ಆಣೆಗೆ ಹನ್ನೆರಡು ಪೈ. 1957ರಲ್ಲಿ ನೂರು ಪೈಸೆಯ ಲೆಕ್ಕ ಬರುವ ವರೆಗೆ ಹೀಗೆಯೇ ಇತ್ತು. ಆ ದಿನದ ಜಮೆ ಮೂವತ್ತೊಂಬತ್ತು ರೂಪಾಯಿ ಆಗಬೇಕಾದರೆ ಇನ್ನೂ ಎರಡು ಆಣೆ ಹತ್ತು ಪೈ ಬೇಕಿತ್ತು. ಹಾಜಿಯವರಂಥವರಿಗೆ ಆ ಎರಡು ಆಣೆ ಹತ್ತು ಪೈಯನ್ನು ಕಿಸೆಯಿಂದ ತೆಗೆದು ಹಾಕಿ ಪೂರ್ಣ ಸಂಖ್ಯೆ ಮಾಡುವುದು ಕಷ್ಟವೇ? ಮೂವತ್ತೊಂಬತ್ತಲ್ಲ, ಮುನ್ನೂರ ತೊಂಬತ್ತೂ ಮಾಡಬಹುದಿತ್ತು. ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದರು, ಎರಡು ಪೈಯ ವರೆಗೆ. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಇಂದು ನಾವು ಆ ಮೊತ್ತವನ್ನು ಸಂಕೋಚವಿಲ್ಲದೆ ಹೇಳಬಹುದಾದರೆ ಅದಕ್ಕೆ ಕಾರಣ ಅದು ಸತ್ಯವಾದ ಲೆಕ್ಕ ಎಂಬುದೇ. ಆ ಎರಡು ಪೈ ಇಟ್ಟವನ ಮಟ್ಟಿಗೆ ಅದು ಎರಡು ಪೈಯಲ್ಲ, ಅವನ ನಂಬಿಕೆ. ದೇವರ ಹುಂಡಿಗೆ ಬೀಳುವ ಕಾಣಿಕೆಯ ಹಾಗೆಯೇ.

ನಂಬಿಕೆ ಎಂದೆ. ಅದು ಆಗ ಎಷ್ಟು ದುಬಾರಿಯಾದ ವಸ್ತು ಎಂಬುದಕ್ಕೆ ಅದೇ ವರ್ಷ ನಡೆದ ಇನ್ನೊಂದು ಸಂಗತಿ ಹೇಳುತ್ತೇನೆ. ಮದರಾಸಿನಲ್ಲಿ ಆರ್ಬತ್‌ನಾಟ್ ಕಂಪೆನಿ ಎಂಬ ಆಂಗ್ಲರ ದೊಡ್ಡ ಹಣಕಾಸು ಸಂಸ್ಥೆಯಿತ್ತು. ಬಿಳಿಯರ ಕಂಪೆನಿ, ದೊಡ್ಡ ಕಟ್ಟಡ, ಹಳೆಯ ಹೆಸರು. ಎಷ್ಟೋ ಮಂದಿ ಹಿಂದೂಸ್ಥಾನಿಯರು, ಪಿಂಚಣಿದಾರರು, ಸಣ್ಣ ಉಳಿತಾಯದವರು ಅಲ್ಲಿ ಹಣವಿಟ್ಟಿದ್ದರು. 1906ರ ಅಕ್ಟೋಬರ್ 22ರಂದು ಅದು ದಿವಾಳಿಯೆದ್ದಿತು. ದಕ್ಷಿಣದೇಶದಲ್ಲೆಲ್ಲ ಹಾಹಾಕಾರ. ಮುಂದಿನ ವರ್ಷ ಮದರಾಸಿನಲ್ಲಿ ಇಂಡಿಯನ್ ಬ್ಯಾಂಕ್ ಹುಟ್ಟಿದ್ದು ಈ ಪೆಟ್ಟಿನಿಂದಲೇ. ಆಗ ನಮ್ಮ ಉಡುಪಿಯ ಬ್ಯಾಂಕಿಗೆ ಏಳು ತಿಂಗಳ ಎಳೆಯ ಪ್ರಾಯ. ಅಷ್ಟು ದೊಡ್ಡದೇ ಮುಳುಗಿದ ಮೇಲೆ ಈ ಸಣ್ಣದು ನಿಲ್ಲುತ್ತದೆಯೇ ಎಂಬ ಸಂಶಯ ಯಾರಿಗೂ ಬರಬೇಕಾದದ್ದೇ. ಆದರೂ ಅದು ನಿಂತಿತು. ದೊಡ್ಡ ಕಟ್ಟಡವಾಗಲಿ ಬಿಳಿಯ ಚರ್ಮವಾಗಲಿ ಹಣವನ್ನು ಕಾಯುವುದಿಲ್ಲ, ಕಾಯುವುದು ನಡತೆ ಎಂಬುದು ಜನರಿಗೆ ಮನವರಿಕೆಯಾಯಿತು.

ಇನ್ನೊಂದು ಸೂಕ್ಷ್ಮ ನೋಡಿ. 1906ರಲ್ಲಿ ಹುಟ್ಟಿದ ಬ್ಯಾಂಕು ತನ್ನ ಮೊದಲ ಶಾಖೆಯನ್ನು ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ. ಹದಿನೇಳು ವರ್ಷ! ಮತ್ತೆ 1926ರಲ್ಲಿ ಮಂಗಳೂರು, 1934ರಲ್ಲಿ ಕೊಡಗಿನ ಮಡಿಕೇರಿ. ಮಡಿಕೇರಿಯದು ಏಳನೆಯ ಶಾಖೆ. ಇಂದು ಒಂದು ಅಂಗಡಿ ತೆರೆದವನು ಆರು ತಿಂಗಳಲ್ಲಿ ಇನ್ನೊಂದರ ಉದ್ಘಾಟನೆಯ ಕಾಗದ ಹಂಚುತ್ತಾನೆ. ಆ ಹಿರಿಯರು ಹದಿನೇಳು ವರ್ಷ ಒಂದೇ ಊರಿನಲ್ಲಿ ಬೇರು ಇಳಿಸಿದರು. ತೆಂಗಿನ ಸಸಿ ನೆಟ್ಟವರಿಗೆ ಈ ತಾಳ್ಮೆ ಗೊತ್ತಿರುತ್ತದೆ. ನೆಟ್ಟ ವರ್ಷವೇ ಕಾಯಿ ಕೇಳಿದರೆ ಮರ ಕೊಡುವುದಿಲ್ಲ. ಹಾಜಿಯವರು ಇಪ್ಪತ್ತು ವರ್ಷಕ್ಕೂ ಮೀರಿ ಅದರ ಅಧ್ಯಕ್ಷರಾಗಿದ್ದು ಆ ಗಿಡವನ್ನು ಸಾಕಿದರು.

ಅವರು ಹಚ್ಚಿದ್ದು ಒಂದೇ ದೀಪವಲ್ಲ. ಅದೇ 1906ರ ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು. ಅದೇ ಇಂದಿನ ಕೆನರಾ ಬ್ಯಾಂಕು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು. 1925ರಲ್ಲಿ ಉಡುಪಿಯಲ್ಲೇ ಡಾ. ಟಿ. ಎಂ. ಎ. ಪೈಗಳು, ಉಪೇಂದ್ರ ಅನಂತ ಪೈಗಳು, ವಾಮನ ಕುಡ್ವರು ಸೇರಿ ನೇಕಾರರಿಗೆ ನೆರವಾಗುವುದಕ್ಕೋಸ್ಕರ ಕಟ್ಟಿದ ಸಂಸ್ಥೆಯೇ ಸಿಂಡಿಕೇಟ್ ಬ್ಯಾಂಕು. 1928ರಲ್ಲಿ ಅವರು ಪಿಗ್ಮಿ ಠೇವಣಿ ಆರಂಭಿಸಿ, ಮನೆ ಮನೆಗೆ ಹೋಗಿ ದಿನಕ್ಕೆ ಎರಡೆರಡು ಆಣೆ ಕೂಡಿಸಿದರು. 1931ರಲ್ಲಿ ಎ. ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕು ಹುಟ್ಟಿತು. ಇತ್ತ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರಿ ಚಳವಳಿಯನ್ನು ಹಳ್ಳಿ ಹಳ್ಳಿಗೆ ಕೊಂಡೊಯ್ದರು. ಒಂದು ಜಿಲ್ಲೆಯ ನಾಲ್ಕು ಬ್ಯಾಂಕುಗಳು ಮುಂದೆ ರಾಷ್ಟ್ರೀಕೃತ ಬ್ಯಾಂಕುಗಳಾದವು. 1969ರಲ್ಲಿ ಕೆನರಾ, ಸಿಂಡಿಕೇಟ್. 1980ರಲ್ಲಿ ವಿಜಯಾ ಮತ್ತು ಕಾರ್ಪೊರೇಶನ್. ಇಷ್ಟು ಸಣ್ಣ ಜಿಲ್ಲೆಗೆ ಅದು ಸಾಮಾನ್ಯವಾದ ಹೆಮ್ಮೆಯಲ್ಲ.

ಈಗ ದಾನದ ವಿಷಯಕ್ಕೆ ಬರೋಣ. ಹಾಜಿಯವರು ಕೊಡುಗೈ ದಾನಿಯೆಂದು ಉಡುಪಿಯ ಹಳಬರು ಇಂದಿಗೂ ನೆನೆಯುತ್ತಾರೆ. ಶ್ರೀಕೃಷ್ಣ ಮಠದ ಲಕ್ಷದೀಪೋತ್ಸವಕ್ಕೆ ಎಣ್ಣೆಯ ಅಡಚಣೆಯಾದಾಗ ಅವರು ಎಣ್ಣೆ ಒದಗಿಸಿದರೆಂಬ ಕಥೆ ರಥಬೀದಿಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಹೇಳುವವರು ಹೇಳುವ ಹಾಗೆ ಅದರ ವಿವರಗಳು ಬದಲಾಗುತ್ತವೆ. ಕಥೆಗಳ ಸ್ವಭಾವವೇ ಹಾಗೆ. ಆದರೆ ಒಂದು ಮಾತು ಯೋಚಿಸಬೇಕು. ಮಠದ ಭಕ್ತರು ತಮ್ಮ ದೇವರ ದೀಪದ ಕಥೆಯೊಳಗೆ ಒಬ್ಬ ಮುಸಲ್ಮಾನ ವರ್ತಕರನ್ನು ಪ್ರೀತಿಯಿಂದ ಕೂರಿಸಿ ಇಷ್ಟು ತಲೆಮಾರು ಹೇಳಿಕೊಂಡು ಬಂದಿದ್ದಾರಲ್ಲ, ಸುಮ್ಮನೆ ಯಾರನ್ನೂ ಜನ ಹಾಗೆ ಕೂರಿಸುವುದಿಲ್ಲ.

ಇದು ಹೊಸತೂ ಅಲ್ಲ. ಮೂಲ್ಕಿಯ ಬಪ್ಪನಾಡು ಶ್ರೀ ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯ ತಮಗೆಲ್ಲ ಗೊತ್ತು. ಬಪ್ಪ ಬ್ಯಾರಿ ಎಂಬ ವರ್ತಕರ ಹಡಗು ಹೊಳೆಯಲ್ಲಿ ಸಿಕ್ಕಿಬಿದ್ದದ್ದು, ದೇವಿಯ ಅಪ್ಪಣೆಯಂತೆ ಅವರು ಗುಡಿ ಕಟ್ಟಿಸಿದ್ದು, ಅವರ ಮನೆತನದವರಿಗೆ ಇಂದಿಗೂ ಜಾತ್ರೆಯಲ್ಲಿ ಪ್ರಸಾದದ ಗೌರವ ಸಲ್ಲುವುದು. ಅಷ್ಟು ದೂರ ಏಕೆ? ನಮ್ಮ ಮಂಜೇಶ್ವರದ ಉದ್ಯಾವರ ಶ್ರೀ ಅರಸು ಮಂಜಿಷ್ಣಾರ್ ದೈವಗಳ ಕ್ಷೇತ್ರದಿಂದ ಉತ್ಸವದ ಮೊದಲು ದೈವಪಾತ್ರಿಗಳು ಮಸೀದಿಗೆ ಹೋಗಿ ಜಮಾತಿನವರನ್ನು ಕರೆದು ಬರುವ ಕ್ರಮವಿದೆ. ಆರಿಕ್ಕಾಡಿಯಲ್ಲಿ ಆಲಿ ದೈವ ಕಟ್ಟಿ ಕುಣಿಯುವಾಗ ಎರಡೂ ಮತದವರು ಎದುರು ನಿಲ್ಲುತ್ತಾರೆ. ಇವೆಲ್ಲ ನಮ್ಮ ಹಿರಿಯರು ಸಭೆ ಸೇರಿ, ಠರಾವು ಮಾಡಿ ತಂದ ಪದ್ಧತಿಗಳಲ್ಲ. ಒಂದೇ ಹೊಳೆಯ ನೀರು, ಒಂದೇ ಕಡಲಿನ ಮೀನು, ಒಂದೇ ಸಂತೆಯ ವ್ಯಾಪಾರ ಇವುಗಳ ನಡುವೆ ತಾನಾಗಿ ಬೆಳೆದವು. ಬದುಕು ಕೂಡಿದಲ್ಲಿ ದೇವರೂ ಕೂಡಿ ಬಂದರು. ಹಾಜಿಯವರ ಬ್ಯಾಂಕನ್ನು ಈ ಬೆಳಕಿನಲ್ಲೇ ನೋಡಬೇಕು. ಮುಸಲ್ಮಾನರೊಬ್ಬರು ಅಧ್ಯಕ್ಷರಾಗಿ ಕುಳಿತ ಪೆಟ್ಟಿಗೆಯಲ್ಲಿ ಹಿಂದೂಗಳು ಹಣವಿಟ್ಟರು. 'ಎಲ್ಲ ಜನರೂ ಸುಖವಾಗಿರಲಿ' ಎಂಬ ಅರ್ಥದ ನಮ್ಮ ಸಂಸ್ಕೃತ ಪ್ರಾರ್ಥನೆಯೇ ಆ ಬ್ಯಾಂಕಿನ ಧ್ಯೇಯವಾಕ್ಯವಾಯಿತು. ನಾವು ಪೂಜೆಯ ಕೊನೆಗೆ ಬಾಯಲ್ಲಿ ಹೇಳುವುದನ್ನು ಅವರು ಲೆಕ್ಕದ ಪುಸ್ತಕದಲ್ಲಿ ನಡೆಸಿದರು.

ಅವರ ಇನ್ನೊಂದು ದೊಡ್ಡ ದಾನ ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯ ಜಾಗ. ಪಟ್ಟಣದ ನಡುವಿನ ಜಾಗ. ಬಾಣಂತಿತನವೆಂದರೆ ಪುನರ್ಜನ್ಮ ಎಂಬ ಮಾತು ಬರಿಯ ಗಾದೆಯಾಗಿರದೆ ದಿನನಿತ್ಯದ ಸತ್ಯವಾಗಿದ್ದ ಕಾಲವದು. ಬಡವರ ಮನೆಯ ಹೆಣ್ಣುಮಕ್ಕಳಿಗೆ ಹೆರಿಗೆಗೊಂದು ಆಸರೆ ಬೇಕೆಂದು ಕೊಟ್ಟದ್ದು. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟು ಜಾತಿ, ಎಷ್ಟು ಮತ! ತೊಟ್ಟಿಲಲ್ಲಿ ಮಲಗಿದ ಶಿಶುವಿಗೆ ಆ ಜಾಗ ಯಾರು ಕೊಟ್ಟದ್ದೆಂದು ಗೊತ್ತಿಲ್ಲ. ಕೊಟ್ಟವರಿಗೂ ಆ ಶಿಶು ಯಾರದೆಂದು ಗೊತ್ತಿಲ್ಲ. ನಮ್ಮ ಶಾಸ್ತ್ರಗಳು ಸಾತ್ತ್ವಿಕ ದಾನವೆಂದು ಹೇಳುವುದು ಇದನ್ನೇ ಅಲ್ಲವೇ? ಪ್ರತ್ಯುಪಕಾರದ ಆಸೆಯಿಲ್ಲದೆ ಕೊಟ್ಟದ್ದು.

ಈ ದಾನದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದರ ಮುಂದಿನ ಭಾಗ ನಮಗೊಂದು ಎಚ್ಚರಿಕೆ. 2016ರಲ್ಲಿ ಆ ಆಸ್ಪತ್ರೆಯನ್ನು ಹೊಸದಾಗಿ ಕಟ್ಟಿ ನಡೆಸುವುದಕ್ಕೆಂದು ಸರಕಾರ ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಿತು. ಹೊಸ ಕಟ್ಟಡ ಎದ್ದಿತು, ಹಾಜಿಯವರ ಹೆಸರೂ ಉಳಿಯಿತು. ಆದರೆ ಊರವರಲ್ಲಿ ಅನೇಕರು ಇದು ಬಡವರಿಗಾಗಿ ಕೊಟ್ಟ ಜಾಗ, ಕೊಟ್ಟವರ ಆಶಯ ಕೆಡಬಾರದು ಎಂದು ಪ್ರತಿಭಟಿಸಿದರು. ಕೆಲವೇ ವರ್ಷಗಳಲ್ಲಿ ನಡೆಸುವುದು ಕಷ್ಟವಾಗಿ, ಸಿಬ್ಬಂದಿಗೆ ಸಂಬಳದ ತೊಂದರೆಯಾಗಿ, ಆಸ್ಪತ್ರೆ ಮತ್ತೆ ಸರಕಾರದ ಕೈಗೆ ಬಂತು. ಯಾರು ಸರಿ, ಯಾರು ತಪ್ಪು ಎಂದು ಹೇಳುವ ವೇದಿಕೆ ಇದಲ್ಲ. ನಾನು ಹೇಳುವುದು ಇಷ್ಟೇ. ದಾನಿ ತೀರಿಹೋಗಿ ಎಂಬತ್ತು ವರ್ಷ ಕಳೆದ ಮೇಲೂ ಅವನ ಆಶಯವೇನಿತ್ತು ಎಂದು ಬೀದಿಗಿಳಿದು ಕೇಳುವ ಜನರಿದ್ದರಲ್ಲ, ಆ ದಾನ ಬದುಕಿದ್ದು ಆ ಜನರಲ್ಲಿ. ಕೊಡುವವನ ಕೆಲಸ ಒಂದು ದಿನದ್ದು, ಕಾಯುವವರ ಕೆಲಸ ತಲೆಮಾರುಗಳದ್ದು.

ಹಾಜಿಯವರ ಕೊನೆಗಾಲ ಸುಖದ್ದಾಗಿರಲಿಲ್ಲ ಎಂದು ಉಡುಪಿಯ ಹಿರಿಯರು ಹೇಳುತ್ತಾ ಬಂದಿದ್ದಾರೆ. 1929ರಿಂದ ಜಗತ್ತಿನಾದ್ಯಂತ ಬಂದ ಆರ್ಥಿಕ ಕುಸಿತದಲ್ಲಿ ಬೆಳೆಗಳ ಬೆಲೆ ಬಿದ್ದು ಎಷ್ಟೋ ದೊಡ್ಡ ಮನೆತನಗಳು ಅಲುಗಾಡಿದವು. ಕೊಟ್ಟೂ ಕೊಟ್ಟೂ ಹಾಜಿಯವರ ಕೈ ಬರಿದಾಗಿತ್ತೆಂಬುದು ಜನರ ಬಾಯಲ್ಲಿ ಉಳಿದ ಮಾತು. 1935ರ ಆಗಸ್ಟ್ 12ರಂದು, ಐವತ್ತಮೂರರ ಆಸುಪಾಸಿನಲ್ಲಿ ಅವರು ತೀರಿಕೊಂಡರು. ಸರಕಾರ ಕೊಟ್ಟ ಖಾನ್ ಬಹಾದ್ದೂರ್ ಪದವಿ ಹೆಸರಿನ ಜೊತೆಗೆ ಉಳಿಯಿತು. ಆದರೆ ಸ್ವದೇಶಿಯೆಂದು ಹೇಳಿ ಅವರು ನೆಟ್ಟ ಗಿಡ ಪದವಿಗಿಂತ ದೊಡ್ಡದಾಗಿ ಬೆಳೆಯಿತು. ಅವರು ತೀರಿದ ಎರಡು ವರ್ಷಕ್ಕೆ, 1937ರಲ್ಲಿ ಅದು ರಿಸರ್ವ್ ಬ್ಯಾಂಕಿನ ಅನುಸೂಚಿತ ಬ್ಯಾಂಕುಗಳ ಪಟ್ಟಿಗೆ ಸೇರಿತು. 1939ರಲ್ಲಿ ಹೆಸರಿನಿಂದ ಉಡುಪಿ ಹೋಗಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಆಯಿತು. 1972ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣ. ಉಡುಪಿಯಲ್ಲಿ ಅವರು ಬಾಳಿದ ಮನೆಯಲ್ಲಿ ಬ್ಯಾಂಕಿನವರು ನಾಣ್ಯಗಳ ಸಂಗ್ರಹಾಲಯ ಮಾಡಿದರು. ಪ್ರಾಚೀನ ಅರಸರ ಕಾಲದಿಂದ ಹಿಡಿದು ನಾನಾ ಕಾಲದ ನಾಣ್ಯಗಳು ಅಲ್ಲಿವೆ. ಉಡುಪಿಗೆ ಕೃಷ್ಣದರ್ಶನಕ್ಕೆ ಹೋದವರು ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಿ ಎಂದು ಕೇಳಿಕೊಳ್ಳುತ್ತೇನೆ.

2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿಹೋಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿತು. ಹಿಂದಿನ ವರ್ಷ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಗಿತ್ತು. ನೂರ ಹದಿನಾಲ್ಕು ವರ್ಷದ ಹೆಸರೊಂದು ಬೋರ್ಡಿನಿಂದ ಇಳಿಯಿತು. ನಮ್ಮಲ್ಲಿ ಹಲವರಿಗೆ ಮನಸ್ಸಿಗೆ ನೋವಾಯಿತು. ಹೊಳೆ ಕಡಲು ಸೇರಿದ ಮೇಲೆ ಅದರ ಹೆಸರು ಉಳಿಯುವುದಿಲ್ಲ, ನಿಜ. ಆದರೆ ಹೊಳೆ ಹರಿದು ಬಂದ ದಾರಿಯ ಗದ್ದೆಗಳು ಹಸುರಾದದ್ದು ಸುಳ್ಳಾಗುವುದಿಲ್ಲ. ಹೆಸರು ಬೋರ್ಡಿನಲ್ಲಿ ಉಳಿಯಲಿಲ್ಲವಾದರೆ ನೆನಪಿನಲ್ಲಿ ಉಳಿಸುವ ಹೊಣೆ ನಮ್ಮದು. ಅದಕ್ಕೇ ಇಂದು ಈ ವಿಷಯವನ್ನು ಆರಿಸಿಕೊಂಡೆ.

ಭಕ್ತರೇ, ಇನ್ನು ನಮ್ಮ ಕ್ಷೇತ್ರದ ಮಾತು. ಈ ಗುಡಿಯ ಜೀರ್ಣೋದ್ಧಾರಕ್ಕೆ ಕೆಲವರು ಲಕ್ಷಗಟ್ಟಲೆ ಕೊಟ್ಟಿದ್ದಾರೆ. ಕೆಲವರು ಒಂದು ದಿನದ ಬೀಡಿಯ ಮಜೂರಿ ಕೊಟ್ಟಿದ್ದಾರೆ. ಹಣವಿಲ್ಲದವರು ಕಲ್ಲು ಹೊತ್ತಿದ್ದಾರೆ, ಮಡಲು ಹೆಣೆದಿದ್ದಾರೆ. ಹೊರೆಕಾಣಿಕೆಯ ಮೆರವಣಿಗೆಯಲ್ಲಿ ತೆಂಗಿನಕಾಯಿ, ಅಕ್ಕಿ, ತರಕಾರಿ ಎಷ್ಟೆಲ್ಲ ಬಂತು! ದಾರಿಯಲ್ಲಿ ಆ ಮೆರವಣಿಗೆಗೆ ಪಾನಕ ಕೊಟ್ಟು ಸತ್ಕರಿಸಿದವರಲ್ಲಿ ಅನ್ಯಮತದ ಬಂಧುಗಳೂ ಇದ್ದರೆಂಬುದನ್ನು ತಾವು ಕಂಡಿದ್ದೀರಿ. ಕೊಡುವ ಮನಸ್ಸಿಗೆ ನಮ್ಮಲ್ಲಿ ಕೊರತೆಯಿಲ್ಲ. ದೇವರು ಅದನ್ನು ಧಾರಾಳವಾಗಿ ಕೊಟ್ಟಿದ್ದಾನೆ.

ಕೊರತೆ ಬರುವುದು ಎಲ್ಲಿ? ಉತ್ಸವ ಮುಗಿದ ಮೇಲೆ. ಚಪ್ಪರ ಬಿಚ್ಚುತ್ತಾರೆ, ಮೈಕಿನವರು ಹೋಗುತ್ತಾರೆ, ಸಮಿತಿಯವರು ದಣಿದಿರುತ್ತಾರೆ. ಲೆಕ್ಕಪತ್ರ ಮುಂದಿನ ತಿಂಗಳಿಗೆ, ಅದರ ಮುಂದಿನ ತಿಂಗಳಿಗೆ ಹೋಗುತ್ತದೆ. ಹಾಗಾದ ಊರುಗಳನ್ನು ನಾವೆಲ್ಲ ಕಂಡಿದ್ದೇವೆ. ಯಾರೂ ಒಂದು ಕಾಸು ತಿಂದಿರುವುದಿಲ್ಲ. ಆದರೂ ಲೆಕ್ಕ ಹೇಳದ ಕಾರಣಕ್ಕೆ ಸಂಶಯ ಹುಟ್ಟಿ, ಮನೆ ಮನೆಗಳ ನಡುವೆ ಮಾತು ನಿಲ್ಲುತ್ತದೆ. ಚಿನ್ನದ ಮುಗುಳಿ ಏರಿಸಿದ ಗುಡಿಯಲ್ಲಿ ಅರ್ಧ ಊರು ಕಾಲಿಡುವುದಿಲ್ಲ. ಕಲ್ಲಿನ ಬಿರುಕನ್ನು ಶಿಲ್ಪಿ ಸರಿಮಾಡಿಯಾನು, ಈ ಬಿರುಕನ್ನು ಯಾವ ತಂತ್ರಿಗಳೂ ಕಲಶಾಭಿಷೇಕದಿಂದ ಮುಚ್ಚಲಾರರು.

ಆದುದರಿಂದ ಸಮಿತಿಯವರಲ್ಲಿ ವಿನಮ್ರವಾಗಿ ಮೂರು ಮಾತು ಬಿನ್ನವಿಸುತ್ತೇನೆ. ಒಂದು, ಲಕ್ಷ ಕೊಟ್ಟವರ ಹೆಸರಿನ ಹಾಗೆಯೇ ಹತ್ತು ರೂಪಾಯಿ ಕೊಟ್ಟವರ ಹೆಸರೂ ಪುಸ್ತಕದಲ್ಲಿರಲಿ. ಕೈಯಲ್ಲಿ ಕೊಟ್ಟದ್ದಕ್ಕೂ ಮೊಬೈಲಿನಲ್ಲಿ ಕಳುಹಿಸಿದ್ದಕ್ಕೂ ರಶೀದಿ ಇರಲಿ. ಎರಡು, ದೃಢಕಲಶದ ಹೊತ್ತಿಗೆ ಪೂರ್ತಿ ಲೆಕ್ಕವನ್ನು, ಕೊರತೆಯಿದ್ದರೆ ಕೊರತೆಯನ್ನು, ಉಳಿದಿದ್ದರೆ ಉಳಿದದ್ದನ್ನು, ಇದೇ ಅಂಗಳದಲ್ಲಿ ಓದಿ ಹೇಳುವಂತಾಗಲಿ. ಮೂರು, ಉಳಿದ ಹಣವೇನಾದರೂ ಇದ್ದರೆ ಅದು ಊರ ಮಕ್ಕಳ ಓದಿಗೆ, ಕಾಯಿಲೆ ಬಿದ್ದವರ ಔಷಧಕ್ಕೆ ಒದಗುವ ಒಂದು ಶಾಶ್ವತ ನಿಧಿಯಾಗಲಿ. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ಊರಿನ ಆಸರೆ ಬೇಕಾಗಿದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಿಧಿ ಸಣ್ಣದೆಂದು ಯಾರೂ ಹಿಂಜರಿಯುವುದು ಬೇಡ. ಮೂವತ್ತೆಂಟು ರೂಪಾಯಿ ಹದಿಮೂರಾಣೆ ಎರಡು ಪೈಯಿಂದ ಏನಾಯಿತೆಂದು ಈಗ ತಾನೇ ಕೇಳಿದ್ದೀರಿ. ಹಣ ಎಷ್ಟು ಎಂಬುದಕ್ಕಿಂತ ಅದರ ಹಿಂದೆ ಎಷ್ಟು ಮನೆಗಳಿವೆ, ಅದರ ಲೆಕ್ಕ ಎಷ್ಟು ನೇರವಾಗಿದೆ ಎಂಬುದೇ ಮುಖ್ಯ. ಹಾಜಿ ಅಬ್ದುಲ್ಲಾ ಸಾಹೇಬರು ನಮಗೆ ಬಿಟ್ಟುಹೋದ ಪಾಠ ಅದೊಂದೇ. ಕೊಟ್ಟ ದಾನ ಹಸಿವೆಯನ್ನು ಒಂದು ಹೊತ್ತು ನೀಗುತ್ತದೆ. ಕೂಡಿ ಕಟ್ಟಿದ ನಂಬಿಕೆ ಊರನ್ನು ನೂರು ವರ್ಷ ನಿಲ್ಲಿಸುತ್ತದೆ.

 ಶ್ರೀ ದೇವರು ಊರಿಗೂ ಪರವೂರಿಗೂ, ನಮ್ಮವರಿಗೂ ನೆರೆಯವರಿಗೂ ಮಳೆ ಬೆಳೆ ಸೌಖ್ಯಗಳನ್ನಿತ್ತು ಕಾಪಾಡಲಿ ಎಂದು ಪ್ರಾರ್ಥಿಸಿ ನನ್ನ ಮಾತುಗಳಿಗೆ ವಿರಾಮ ಹೇಳುತ್ತೇನೆ.